ಎದುರಿನಿಂದ ಯಾರೂ ಬಾರದ ದಾರಿ

ಅಗಸೂರಿನ ತನಕ

ನಾನು ಕಾರವಾರದಲ್ಲಿ ಗಾಡಿ ಕಲಿಸುವವಳು. ಊರಿನ ಅರ್ಧಕ್ಕರ್ಧ ಹೆಂಗಸರು ನನ್ನ ಬೈಗುಳ ತಿಂದೇ ಲೈಸೆನ್ಸ್ ತೆಗೆದವರು. ನಮ್ಮ ಕಡೆ ಶಾಲೆಯಲ್ಲಿ ಪಾಠ ಹೇಳುವ ಹೆಂಗಸರಿಗೆ ಅಕ್ಕೋರು ಎನ್ನುವ ರೂಢಿ. ನನಗೆ ಗಾಡಿ ಅಕ್ಕೋರು ಎನ್ನುತ್ತಾರೆ. ಅದರಲ್ಲಿ ಮರ್ಯಾದೆ ಎಷ್ಟು, ತಮಾಷೆ ಎಷ್ಟು ಎಂದು ನಾನು ತೂಗಿ ನೋಡಲು ಹೋಗಿಲ್ಲ. ಬೈತಖೋಲದ ಮೀನುಗಾರರ ಮನೆಯಲ್ಲಿ ಹುಟ್ಟಿದರೂ ದೋಣಿ ಹತ್ತಿದರೆ ನನಗೆ ವಾಂತಿ. ನೀರಿನ ಮೇಲೆ ಆಗದ್ದನ್ನು ನೆಲದ ಮೇಲೆ ಮಾಡಿ ತೋರಿಸುತ್ತೇನೆ ಎಂದು ಹಟ ಹಿಡಿದು ಕಾರು ಕಲಿತೆ. ವಯಸ್ಸು ಐವತ್ತು ದಾಟಿದೆ, ಹಟ ಇನ್ನೂ ಹಾಗೇ ಇದೆ.

ಕರಾವಳಿಯವರಿಗೆ ಗಾಡಿ ಕಲಿಯುವುದು ಎಂದರೆ ಕೊನೆಗೆ ಘಟ್ಟ ಹತ್ತುವುದು. ಹುಬ್ಬಳ್ಳಿಯ ಆಸ್ಪತ್ರೆಗಾಗಲಿ ಯಲ್ಲಾಪುರದ ಸಂತೆಗಾಗಲಿ ಹೋಗಬೇಕಾದರೆ ಅಂಕೋಲೆಯಲ್ಲಿ ಒಳಗೆ ತಿರುಗಿ, ಅಗಸೂರು, ರಾಮನಗುಳಿ ದಾಟಿ ಅರಬೈಲ ಘಟ್ಟ ಹತ್ತಲೇಬೇಕು. ಹಾಗಾಗಿ ನನ್ನ ಕೊನೆಯ ಪಾಠ ಯಾವತ್ತೂ ಘಟ್ಟದ್ದೇ. ಕೆಲವು ವರ್ಷಗಳ ಹಿಂದೆ, ಒಂದು ಮಳೆಗಾಲದಲ್ಲಿ, ಅಂಥದೇ ಪಾಠ ನಡೆಯುತ್ತಿದ್ದಾಗ ಮೇಲಿನಿಂದ ಇಳಿಯುತ್ತಿದ್ದ ಲಾರಿಯೊಂದು ತಿರುವಿನಲ್ಲಿ ಪೂರ್ತಿ ನಮ್ಮ ಬದಿಗೆ ಬಂತು. ಸ್ಟೇರಿಂಗ್ ಹಿಡಿದಿದ್ದವಳು ಕಾಲೇಜಿನ ಹುಡುಗಿ. ಅವಳು ಮಾಡಬೇಕಾದದ್ದನ್ನೇ ಮಾಡಿದಳು, ಎಡಕ್ಕೆ ಸರಿದು ಬ್ರೇಕ್ ಒತ್ತಿದಳು. ಪಕ್ಕದಲ್ಲಿದ್ದ ನಾನೂ, ಕಲಿಸುವವರಿಗೆಂದೇ ನನ್ನ ಕಾಲಡಿಯಲ್ಲಿರುವ ಇನ್ನೊಂದು ಬ್ರೇಕ್ ಒತ್ತಿದೆ. ಕಾರು ಜಾರಿ ತಡೆಗೋಡೆಗೆ ಬಡಿಯಿತು. ಅವಳ ಕೈ ಮುರಿದು, ಮತ್ತೆ ಕೂಡಿತು. ಈಗ ಅವಳು ದಿನಾ ಸ್ಕೂಟರಿನಲ್ಲಿ ಕೆಲಸಕ್ಕೆ ಹೋಗುತ್ತಾಳೆ, ದಾರಿಯಲ್ಲಿ ಸಿಕ್ಕರೆ ಕೈ ಬೀಸುತ್ತಾಳೆ.

ಸರಿಹೋಗದವಳು ನಾನು. ನಾನೇ ಗಾಡಿ ಹೊಡೆಯುವಾಗ ಘಟ್ಟ ನನಗೆ ಏನೂ ಅಲ್ಲ. ಆದರೆ ಕಲಿಯುವವರ ಪಕ್ಕದಲ್ಲಿ ಕೂತು ಹೊರಟರೆ ಅಗಸೂರು ಬರುವಷ್ಟರಲ್ಲಿ ನನ್ನ ಕಾಲು ನನ್ನ ಮಾತು ಕೇಳುವುದಿಲ್ಲ. ಅವರು ರೇಸ್ ಕೊಡುತ್ತಾರೆ, ನಾನು ಬ್ರೇಕ್ ಒತ್ತುತ್ತೇನೆ. ಗಾಡಿ ನಡುರಸ್ತೆಯಲ್ಲಿ ಬಿಕ್ಕುತ್ತ ನಿಲ್ಲುತ್ತದೆ, ಹಿಂದಿನಿಂದ ಬಸ್ಸಿನವನು ಬಯ್ಯುತ್ತಾನೆ. ಹಾಗಾಗಿ ಅಲ್ಲಿಂದಲೇ ಗಾಡಿ ತಿರುಗಿಸಿ ಬರುವ ರೂಢಿ ಮಾಡಿಕೊಂಡೆ. ಜನ ಸುಮ್ಮನಿರುತ್ತಾರೆಯೇ? ನನ್ನ ಹೆಸರು ಅಗಸೂರು ಅಕ್ಕೋರು ಎಂದಾಯಿತು.

ಆಡಿಕೊಳ್ಳುವವರನ್ನು ಬಿಡಿ, ತೋಡೂರಿನ ನಾಗವೇಣಿಯನ್ನು ಬಿಡುವಂತಿರಲಿಲ್ಲ. ಅವಳು ಬಂದರಿನಲ್ಲಿ ಮೀನು ಕೊಂಡು ಯಲ್ಲಾಪುರಕ್ಕೆ ಕಳಿಸಿ ಮಾರುವವಳು. ಬೇರೆಯವರ ಗಾಡಿಯಲ್ಲಿ ಹೋದ ಬುಟ್ಟಿಗಳು ಐಸು ಕರಗಿ, ಪೇಟೆ ಖಾಲಿಯಾದ ಮೇಲೆ ಮುಟ್ಟುತ್ತಿದ್ದವು. ಅದಕ್ಕೇ ಅವಳೇ ಒಂದು ಸಣ್ಣ ಟೆಂಪೊ ತೆಗೆದುಕೊಂಡಳು, ನನ್ನಲ್ಲೇ ಕಲಿತು ಲೈಸೆನ್ಸ್ ಮಾಡಿಸಿದಳು. ಟೆಂಪೊ ಅವಳ ಅಂಗಳದಲ್ಲಿ ತಾಡಪತ್ರಿ ಹೊದ್ದು ನಿಂತಿತ್ತು. ಕಾರಣ ಘಟ್ಟ.

“ಅಕ್ಕೋರೆ, ನೀವು ಬಾಜೂಗೆ ಕೂತ್ರೆ ನಾ ಹತ್ತೂಕೆ ತಯಾರು,” ಎಂದಿದ್ದಳು. “ಬೇರೆ ಯಾರ್ ಕೂತ್ರೂ ನಂಗೆ ಕೈಕಾಲು ಆಡೂದಿಲ್ಲ.”

ಮಳೆಗಾಲ ಮುಗಿಯಲಿ ಎಂದೆ. ಆಮೇಲೆ ಚೌತಿ ಮುಗಿಯಲಿ ಎಂದೆ. ದೀಪಾವಳಿಯೂ ಮುಗಿಯಿತು. ಅವಳು ದಡ್ಡಿಯಲ್ಲ, ಕೇಳುವುದನ್ನು ಬಿಟ್ಟಳು. ಅವಳು ಕೇಳದೆ ಹೋದದ್ದು ನನಗೆ ಕೇಳಿದ್ದಕ್ಕಿಂತ ಹೆಚ್ಚು ಚುಚ್ಚಿತು.

ಆಗ ದೀಪಾ ಫೋನ್ ಮಾಡಿದಳು. ನನ್ನ ಅಣ್ಣನ ಮಗಳು, ಜರ್ಮನಿಯ ಗುಡ್ಡಗಾಡಿನ ಒಂದು ಸಣ್ಣ ಊರಿನಲ್ಲಿ ನರ್ಸ್. “ಅತ್ತೆ, ನಮ್ಮೂರ ಹತ್ರ ಒಂದು ರೇಸಿನ ದಾರಿ ಇದೆ. ರೇಸ್ ಇಲ್ಲದ ದಿವ್ಸ ಯಾರ್ ಬೇಕಾದ್ರೂ ಗಾಡಿ ಹೊಡೀಬಹುದು. ಅಷ್ಟು ತಿರುವು ನೀನು ಜನ್ಮದಲ್ಲಿ ಕಂಡಿಲ್ಲ. ಅಲ್ಲೂ ಬಾಜೂಗೆ ಕೂತು ಕಲಸೂ ಅಕ್ಕೋರು ಇದ್ದಾರೆ. ಅವ್ರು ಹೆಂಗೆ ಕೂತ್ಕಂತಾರೆ ಅಂತ ಬಂದು ನೋಡು.”

ಅಣ್ಣ ಟ್ರಾಲರ್ ನಡೆಸುವ ತಾಂಡೇಲ, ಬಾಯಿ ಸ್ವಲ್ಪ ಉಪ್ಪು. “ಇಲ್ಲಿ ಅರಬೈಲ ಹತ್ತೂಕೆ ಆಗದಿದ್ದವಳು ಜರ್ಮನಿಗೆ ಹೋಗಿ ಎಂತ ಮಾಡ್ತೆ? ಹೊಳೆ ದಾಟೂಕೆ ಬರದವಳು ಸಮುದ್ರಕ್ಕೆ ಹೋದಂಗೆ ಆತು,” ಎಂದ. ಆ ಮಾತು ಕೇಳಿದ ಮೇಲೆ ಹೋಗದೆ ಇರುವ ಪ್ರಶ್ನೆಯೇ ಇರಲಿಲ್ಲ. ನೋಡಿಕೊಂಡು ಬರುತ್ತೇನೆ, ಬಂದು ನಾಗವೇಣಿಯ ಪಕ್ಕದಲ್ಲಿ ಕೂರುತ್ತೇನೆ, ಕೂರಲಾಗದಿದ್ದರೆ ಗಾಡಿ ಕಲಿಸುವುದನ್ನೇ ನಿಲ್ಲಿಸುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡು ಹೊರಟೆ.

ದೀಪಾಳ ಊರು

ವಿಮಾನದ ಕಥೆ ಬೇಡ. ಹತ್ತಿದೆ, ಕೂತೆ, ಇಳಿದೆ.

ಇಳಿದ ಮೇಲೆ ಮೊದಲು ಮಾಡಿದ್ದು ದೀಪಾಳ ಕಾರಿನ ಎಡಬಾಗಿಲು ತೆಗೆದು ಜಬರದಸ್ತಾಗಿ ಕೂತದ್ದು. ಎದುರಿಗೆ ಸ್ಟೇರಿಂಗ್ ಇತ್ತು. “ಬಂದ ಕೂಡ್ಲೇ ನೀನೇ ಹೊಡೀತ್ಯಾ ಅತ್ತೆ?” ಎಂದು ಅವಳು ಹೊರಗೆ ನಿಂತು ನಕ್ಕಳು. ಇಷ್ಟು ವರ್ಷ ಎಡಗಡೆ ಕೂತು ಕಲಿಸಿದ ದೇಹಕ್ಕೆ ಅದೇ ತನ್ನ ಜಾಗ ಎಂದು ಗೊತ್ತು, ಯಾವ ದೇಶ ಎಂದು ಗೊತ್ತಿಲ್ಲ.

ಆ ಊರಿನವರು ರಸ್ತೆ ದಾಟುವುದನ್ನು ನೋಡಬೇಕು. ಒಂದು ಬೆಳಿಗ್ಗೆ ದೀಪಾಳ ಜೊತೆ ಬ್ರೆಡ್ ತರಲು ಹೋದಾಗ ದಾಟುವಲ್ಲಿ ಕೆಂಪು ದೀಪ ಇತ್ತು. ಆ ತುದಿಯಿಂದ ಈ ತುದಿಯ ತನಕ ಒಂದು ಸೈಕಲ್ಲೂ ಇಲ್ಲ. ಆದರೂ ಐದಾರು ಜನ ಸುಮ್ಮನೆ ನಿಂತಿದ್ದರು, ಒಬ್ಬರ ನಾಯಿಯೂ ನಿಂತಿತ್ತು. ಕಾರವಾರದ ಮಕ್ಕಳಿಗೆ ರಸ್ತೆ ನಿಯಮ ಹೇಳಿಕೊಡುವ ನಾನು ಎರಡು ಹೆಜ್ಜೆ ಇಳಿದೇಬಿಟ್ಟೆ. ಒಬ್ಬ ಅಜ್ಜಿ ಮೆಲ್ಲಗೆ ಏನೋ ಅಂದಳು. ಏನು ಎಂದು ದೀಪಾಳನ್ನು ಕೇಳಿದರೆ, “ಮಕ್ಕಳು ನೋಡ್ತಾರೆ ಅಂದ್ರು,” ಎಂದಳು. ಸುತ್ತ ನೋಡಿದೆ, ಮಗು ಒಂದೂ ಇರಲಿಲ್ಲ. ಆದರೂ ಹಿಂದೆ ಬಂದು ನಾಯಿಯ ಪಕ್ಕದಲ್ಲಿ ನಿಂತೆ.

ಅದೇ ದಿನ ಇನ್ನೊಂದು ಮರ್ಯಾದೆ ಹೋಯಿತು. ದೀಪಾಳಿಗೆಂದು ಒಣ ಶೆಟ್ಲಿ, ಅಂದರೆ ಸೀಗಡಿ, ಒಯ್ದಿದ್ದೆ. ಅವಳು ಡ್ಯೂಟಿಗೆ ಹೋದಾಗ ಚಟ್ನಿ ಮಾಡಿಡೋಣ ಎಂದು ಬಾಣಲೆಯಲ್ಲಿ ಹುರಿದೆ. ಚಾವಣಿಯಲ್ಲಿದ್ದ ಬಿಳಿ ಡಬ್ಬಿಯೊಂದು ಹೊಗೆ ತಾಗಿದ್ದೇ ಕಿವಿ ಹರಿಯುವಂತೆ ಕೂಗಲು ಹಿಡಿಯಿತು. ಕೆಳಗಿನ ಮನೆಯ ಮುದುಕ ಮೆಟ್ಟಿಲು ಹತ್ತಿ ಬಂದ, ಮೂಗು ಮುಚ್ಚಿಕೊಂಡೇ ಕುರ್ಚಿ ಹತ್ತಿ ಡಬ್ಬಿಯ ಬಾಯಿ ಮುಚ್ಚಿಸಿದ, ಕಿಟಕಿಗಳನ್ನೆಲ್ಲ ತೆರೆದ. ನಾನು ಒಂದು ಬಟ್ಟಲು ಚಟ್ನಿ ಕೊಟ್ಟೆ. ಬೇಡ ಎನ್ನಲಾರದೆ ತೆಗೆದುಕೊಂಡು ಹೋದ. ಆಮೇಲೆ ಏನು ಮಾಡಿದನೋ ನಾನು ವಿಚಾರಿಸಲಿಲ್ಲ.

ಬೇಲಿಯ ಹೊರಗೆ

ಆ ರೇಸಿನ ದಾರಿಯ ಹೆಸರು ದೀಪಾ ಎಷ್ಟು ಸಲ ಹೇಳಿಕೊಟ್ಟರೂ ನನ್ನ ನಾಲಿಗೆಗೆ ಒಗ್ಗಲಿಲ್ಲ. ಅಲ್ಲಿಯವರು ಅದನ್ನು ಚಿಕ್ಕದಾಗಿ ಉಂಗುರ ಎಂದು ಕರೆಯುತ್ತಾರಂತೆ. ನಾನೂ ಹಾಗೇ ಕರೆಯುತ್ತೇನೆ.

ರೇಸಿನ ದಾರಿ ಎಂದರೆ ಟೀವಿಯಲ್ಲಿ ಕಂಡ ಹಾಗೆ ಬಯಲಿನಲ್ಲಿ ಸಪಾಟಾಗಿ ಇರುತ್ತದೆ ಎಂದುಕೊಂಡಿದ್ದೆ. ಉಂಗುರ ಹಾಗಿಲ್ಲ. ಕಾಡಿನೊಳಗೆ ಗುಡ್ಡ ಹತ್ತಿ, ಕೊರಕಲಿಗೆ ಇಳಿದು, ಮತ್ತೆ ಹತ್ತಿ, ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಸುತ್ತಿ ಬಂದು ಹೊರಟಲ್ಲಿಗೇ ಸೇರುತ್ತದೆ. ತಿರುವುಗಳು ಎಪ್ಪತ್ತಕ್ಕೂ ಮಿಕ್ಕಿ. ಎಷ್ಟೋ ತಿರುವುಗಳ ಆಚೆ ಏನಿದೆ ಎಂದು ಕಾಣುವುದೇ ಇಲ್ಲ. ಕೆಲವು ಕಡೆ ದಿಬ್ಬ ಏರಿದರೆ ರಸ್ತೆಯೇ ಮಾಯವಾಗಿ ಬರೀ ಆಕಾಶ. ಎರಡೂ ಬದಿಗೆ ಕಬ್ಬಿಣದ ತಡೆಪಟ್ಟಿ, ನಡುವೆ ಜಾರಿದರೆ ತಪ್ಪಿಸಿಕೊಳ್ಳಲು ಒಂದಿಷ್ಟು ಹುಲ್ಲು ಮಾತ್ರ. ಈ ತುದಿಯಲ್ಲಿ ಬಿಸಿಲಿದ್ದಾಗ ಆ ತುದಿಯಲ್ಲಿ ಮಳೆ ಹೊಡೆಯುತ್ತಿರುತ್ತದಂತೆ. ಅರಬೈಲ ಘಟ್ಟವನ್ನು ನಾಲ್ಕೈದು ಸಲ ಮಡಚಿ ಸುತ್ತಿಟ್ಟಂತೆ ಕಂಡಿತು ನನಗೆ.

ಬೇಲಿಯ ಹೊರಗೆ ಕಾಲುದಾರಿ ಇದೆ. ಜನ ಮಡಚುವ ಕುರ್ಚಿ ತಂದು, ಬ್ರೆಡ್ಡಿನ ನಡುವೆ ಏನೇನೋ ಇಟ್ಟು ತಿನ್ನುತ್ತ ಗಾಡಿಗಳನ್ನು ನೋಡುತ್ತಿದ್ದರು. ರೇಸಿನ ಕಾರುಗಳಂಥವು ಸಿಳ್ಳೆ ಹಾಕಿದಂತೆ ಹೋಗುತ್ತಿದ್ದವು. ಅವುಗಳ ಹಿಂದೆಯೇ ಸಂಸಾರ ಸಮೇತ ಒಂದು ವ್ಯಾನು, ಹಿಂದಿನ ಸೀಟಿನಲ್ಲಿ ನಗುವ ಮುದುಕಿ.

ನಾವು ನಿಂತಿದ್ದ ತಿರುವಿನಲ್ಲೇ ಒಂದು ಕೆಂಪು ಕಾರು ಜಾರಿತು. ಎರಡು ಸುತ್ತು ತಿರುಗಿ ತಡೆಪಟ್ಟಿಗೆ ಬಡಿದು ನಿಂತಿತು. ಓಡಿಸುತ್ತಿದ್ದವನು ತಾನಾಗಿ ಇಳಿದ, ಹಿಂದೆ ಮುಂದೆ ನೋಡದೆ ತಡೆಪಟ್ಟಿ ಹಾರಿ ಆಚೆ ನಿಂತು ಫೋನ್ ಹಿಡಿದ. ಕುರ್ಚಿಯ ಮೇಲಿದ್ದವರು ಯಾರೂ ಅತ್ತ ಓಡಲಿಲ್ಲ. ನನಗೆ ತಡೆಯಲಿಲ್ಲ, ನೀರಿನ ಬಾಟಲಿ ಹಿಡಿದು ಬೇಲಿಯ ಕಡೆ ಹೊರಟೆ. ದೀಪಾ ನನ್ನ ತೋಳು ಹಿಡಿದಳು.

“ನಿಲ್ಲು ಅತ್ತೆ.”

“ನೀರಾದ್ರೂ ಕೊಡ್ವ. ಮನುಷ್ಯರಲ್ವನೇ ಇವ್ರು?”

“ಹಿಂದಿಂದ ಇನ್ನೂ ಗಾಡಿ ಬತ್ತಾ ಇದೆ. ನೀನು ಹೋದ್ರೆ ಅವ್ರು ನಿನ್ನನ್ನೂ ಎತ್ತೂಕೆ ಬರ್ಬೇಕು. ನಾನು ಆಸ್ಪತ್ರೆಲಿ ಅಂಥವ್ರನ್ನೂ ನೋಡಿದ್ದೆ.”

ಅಷ್ಟರಲ್ಲಿ ಹಳದಿ ದೀಪ ಹತ್ತಿತ್ತು, ಬರುವ ಗಾಡಿಗಳು ಮೆತ್ತಗಾಗಿದ್ದವು. ಕಿತ್ತಳೆ ಬಟ್ಟೆಯ ನಾಲ್ವರು ಬಂದರು. ಒಬ್ಬ ಬಾವುಟ ಹಿಡಿದು ಹಿಂದಕ್ಕೆ ನಡೆದ, ಒಬ್ಬಳು ಆ ಮನುಷ್ಯನ ಕುತ್ತಿಗೆ ಮುಟ್ಟಿ ನೋಡಿದಳು, ಇಬ್ಬರು ಸುರಿದ ಎಣ್ಣೆಯ ಮೇಲೆ ಪುಡಿ ಹಾಕಿ ಗುಡಿಸಿದರು. ಮಾತಿಲ್ಲ, ಕಥೆಯಿಲ್ಲ.

ನನಗೆ ನಮ್ಮ ಘಟ್ಟದ ದಿನ ನೆನಪಾಯಿತು. ಅವತ್ತು ಎರಡು ಬಸ್ಸಿನ ಜನ ಇಳಿದು ಬಂದಿದ್ದರು. ಒಬ್ಬ ಹೆಂಗಸು ಆ ಹುಡುಗಿಯ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡು ಅತ್ತಿದ್ದಳು, ಯಾರೋ ಸೋಡಾ ತಂದಿದ್ದರು. ಎತ್ತುವಾಗ ಮಾತ್ರ ಮುರಿದ ಕೈಯನ್ನೇ ಹಿಡಿದು ಎಳೆದಿದ್ದರು. ಆ ಜನರ ಋಣ ನನ್ನ ಮೇಲೆ ಇದೆ, ಅವರನ್ನು ನಾನು ಬಯ್ಯಲಾರೆ. ಆದರೂ ಅವತ್ತು ಬಾವುಟ ಹಿಡಿದು ಹಿಂದಕ್ಕೆ ನಡೆಯುವ ಒಬ್ಬರಾದರೂ ಇರಬೇಕಿತ್ತು ಎಂದು ಅಲ್ಲಿ ನಿಂತು ಅನಿಸಿತು.

ಮೊದಲ ಸುತ್ತು

ಕಲಿಸುವವಳ ಹೆಸರು ಹೆಲ್ಗಾ. ಅರವತ್ತು ದಾಟಿದ, ಗಿಡ್ಡ, ಗಟ್ಟಿ ಹೆಂಗಸು. ಸೇಬನ್ನು ಚಾಕುವಿನಲ್ಲಿ ಹೆಚ್ಚಿ ತಿನ್ನುತ್ತ ನಮ್ಮನ್ನು ಬರಮಾಡಿಕೊಂಡಳು. ಅವಳ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಮಟ್ಟದ್ದು, ಹಾಗಾಗಿ ನಮಗೆ ಚೆನ್ನಾಗಿ ಹೊಂದಿತು. ದೀಪಾ ಹೊರಗೆ ಕಾಯುತ್ತೇನೆಂದು ನಿಂತಳು, ಹೆಲ್ಗಾಳ ಸಣ್ಣ ಬಿಳಿ ಕಾರಿನಲ್ಲಿ ನಾವಿಬ್ಬರೇ. ಅವಳ ಕಾಲಡಿಯಲ್ಲೂ ಒಂದು ಬ್ರೇಕ್ ಇತ್ತು, ನನ್ನ ಶಾಲೆಯ ಕಾರಿನಲ್ಲಿ ಇರುವಂತೆ. ಅದನ್ನು ಕಂಡು ನನಗೆ ಊರಿನವರು ಸಿಕ್ಕಷ್ಟು ಖುಷಿಯಾಯಿತು.

ಹೆಲ್ಮೆಟ್ಟಿನೊಳಗೆ ನನ್ನ ಜಡೆ ತುರುಕುವಷ್ಟರಲ್ಲಿ ಹೆಲ್ಗಾ ನಿಯಮ ಹೇಳಿ ಮುಗಿಸಿದಳು. ಬಲಬದಿಯಲ್ಲೇ ಇರು. ಹಿಂದಿನಿಂದ ಬರುವವರಿಗೆ ಎಡಗಡೆ ಬಿಡು. ಎಲ್ಲೂ ನಿಲ್ಲಬೇಡ. ಹಳದಿ ದೀಪ ಕಂಡರೆ ಮೆತ್ತಗಾಗು. ಗಾಡಿ ಕೆಟ್ಟರೆ ಇಳಿದು ತಡೆಪಟ್ಟಿಯ ಆಚೆ ಹೋಗು. ಮತ್ತೆ, ಇದು ರೇಸ್ ಅಲ್ಲ, ಗಡಿಯಾರ ನೋಡಬೇಡ.

“ಎದುರಿನಿಂದ ಬರುವವರು?” ಎಂದು ಕೇಳಿದೆ.

“ಇಲ್ಲಿ ಎದುರಿನಿಂದ ಯಾರೂ ಬರುವುದಿಲ್ಲ,” ಎಂದಳು. “ಎಲ್ಲರೂ ಒಂದೇ ಕಡೆಗೆ.”

ಹೊರಟೆವು. ಮೊದಲ ತಿರುವಿನಲ್ಲೇ ಹಿಂದಿನವನಿಗೆ ದಾರಿ ಬಿಡಲು ಇಂಡಿಕೇಟರ್ ಹಾಕಿದೆ, ವೈಪರ್ ಓಡಿತು. ಅಲ್ಲಿ ಎರಡೂ ಕಡ್ಡಿಗಳು ಅದಲುಬದಲು. ಅದನ್ನು ನಿಲ್ಲಿಸುವಷ್ಟರಲ್ಲಿ ಕಾಡಿನೊಳಗಿನ ಕುರುಡು ತಿರುವು ಬಂತು. ನನ್ನ ಕೈ ತಾನಾಗಿಯೇ ಹಾರ್ನ್ ಒತ್ತಿತು, ಘಟ್ಟದಲ್ಲಿ ಒತ್ತುವಂತೆ ಉದ್ದಕ್ಕೆ. ಮುಂದಿನ ತಿರುವಿನಲ್ಲೂ ಒತ್ತಿದೆ. ಬೇಲಿಯ ಆಚೆ ಕುರ್ಚಿ ಹಾಕಿ ಕೂತವರು ತಮ್ಮನ್ನೇ ಮಾತಾಡಿಸಿದರು ಎಂದುಕೊಂಡು ಕೈ ಬೀಸಿದರು.

“ಯಾರನ್ನು ಕರೆಯುತ್ತಿದ್ದೀರಿ?” ಎಂದಳು ಹೆಲ್ಗಾ.

“ಎದುರಿನವರನ್ನು,” ಎಂದೆ. ಹೇಳಿದ ಮೇಲೆ ನನಗೇ ನಗು ಬಂತು.

ನನ್ನ ಜನ್ಮದ ಹೆದರಿಕೆಯೆಲ್ಲ ಎದುರಿನ ತಿರುವಿನಿಂದ ಬರುವ ಲಾರಿಯದು. ಇಲ್ಲಿ ಅದು ಇಲ್ಲ. ಇಲ್ಲಿ ಹೆದರಿಕೆ ಹಿಂದಿನಿಂದ ಬರುತ್ತದೆ. ಕನ್ನಡಿಯಲ್ಲಿ ಸಾಸಿವೆ ಕಾಳಿನಷ್ಟು ಕಂಡದ್ದು ರೆಪ್ಪೆ ಬಡಿಯುವಷ್ಟರಲ್ಲಿ ಕನ್ನಡಿ ತುಂಬ ಆಗಿ, ಪಕ್ಕದಲ್ಲಿ ಗಾಳಿ ಸೀಳಿ ಹೋಗುತ್ತಿತ್ತು. ಒಂದು ಕಡೆ ತಿರುವಿನ ಒಳಬದಿಯೇ ಕಾಂಕ್ರೀಟಿನ ಬಾಣಲೆಯಂತೆ ವಾಲಿತ್ತು. ಅದರೊಳಗೆ ಇಳಿದ ಕಾರು ಹಲ್ಲು ಕಟಕಟ ಎನ್ನುವಂತೆ ನಡುಗಿ, ಆಚೆಯಿಂದ ಮೇಲೆದ್ದು ಬಂತು. ಇಷ್ಟೆಲ್ಲ ಆಗುವಾಗಲೂ ಹೆಲ್ಗಾ ಕೈಗಳನ್ನು ತೊಡೆಯ ಮೇಲಿಟ್ಟು, ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕವಳ ಹಾಗೆ ಕೂತಿದ್ದಳು. ನಾನು ರಸ್ತೆಗಿಂತ ಅವಳನ್ನು ಕದ್ದು ನೋಡುವುದೇ ಹೆಚ್ಚಾಯಿತು. “ಮುಂದೆ ನೋಡಿ,” ಎಂದು ಎರಡು ಸಲ ಹೇಳಿಸಿಕೊಂಡೆ.

ಅರ್ಧ ದಾರಿ ದಾಟಿದ್ದೆವು. ಒಂದು ಹಳೆಯ ನೀಲಿ ವ್ಯಾನು ಸಿಕ್ಕಿತು. ಆ ದಿನ ಉಂಗುರದಲ್ಲಿ ನನಗಿಂತ ಮೆತ್ತಗೆ ಹೋಗುತ್ತಿದ್ದ ಏಕೈಕ ಗಾಡಿ ಅದೇ ಇರಬೇಕು. ನಾನು ಹತ್ತಿರವಾದದ್ದನ್ನು ಕಂಡು ವ್ಯಾನಿನವನು ಬಲಗಡೆಯ ಇಂಡಿಕೇಟರ್ ಹಾಕಿದ.

ಇಲ್ಲಿ ನಮ್ಮ ಘಟ್ಟದ ಒಂದು ರೂಢಿ ಹೇಳಬೇಕು. ಅರಬೈಲದಲ್ಲಿ ಭಾರ ಹೊತ್ತ ಲಾರಿ ತೆವಳುತ್ತ ಹತ್ತುವಾಗ, ಮುಂದೆ ದಾರಿ ಖಾಲಿಯಿದ್ದರೆ ಡ್ರೈವರ್ ಬಲಗಡೆ ಇಂಡಿಕೇಟರ್ ಮಿಣಮಿಣ ಮಾಡುತ್ತಾನೆ. ನನ್ನ ಬಲಗಡೆ ದಾರಿ ಖಾಲಿ ಇದೆ, ನೀನು ಹೋಗು ಎಂದು ಅದರ ಅರ್ಥ. ಇದು ಯಾವ ಪುಸ್ತಕದಲ್ಲೂ ಇಲ್ಲ. ಕಲಿಯುವವರಿಗೆ ಅದನ್ನು ನಂಬಬೇಡಿ ಎಂದೇ ನಾನು ಹೇಳುವುದು. ಆದರೆ ಇಷ್ಟು ವರ್ಷ ಅದನ್ನೇ ನಂಬಿ ಘಟ್ಟ ಹತ್ತಿದ ಕಣ್ಣು ನನ್ನದು.

ಬಲಗಡೆ ಮಿಣಮಿಣ ಕಂಡದ್ದೇ ತಡ, ನಾನು ಬಲಕ್ಕೆ ತಿರುಗಿಸಿ ರೇಸ್ ಕೊಟ್ಟೆ. ಅದೇ ಕ್ಷಣಕ್ಕೆ ವ್ಯಾನಿನವನೂ ನನಗೆ ಎಡಗಡೆ ಬಿಟ್ಟುಕೊಡಲೆಂದು ಬಲಕ್ಕೆ ಸರಿದ. ವ್ಯಾನಿನ ಹಿಂಬಾಗಿಲ ಕೊಕ್ಕೆ ನನ್ನ ಮೂಗಿನ ಮುಂದೆ ಬಂತು. ನಾನು ಒತ್ತುವ ಮೊದಲೇ ನನ್ನ ಕಾಲಡಿಯಲ್ಲಿ ಬ್ರೇಕ್ ತಾನಾಗಿ ಕೆಳಗೆ ಹೋಯಿತು, ಒತ್ತಿದವಳು ಹೆಲ್ಗಾ. ಟಯರು ಕಿರುಚಿತು, ಸೀಟ್ ಬೆಲ್ಟು ಎದೆಗೆ ಕಚ್ಚಿತು. ಹಿಂದೆ ಬರುತ್ತಿದ್ದ ಹಸಿರು ಕಾರೊಂದು ನಮ್ಮಿಬ್ಬರನ್ನೂ ಎಡದಿಂದ ದಾಟಿ ಹೋಯಿತು. ವ್ಯಾನಿನವನಿಗೆ ಏನೂ ಗೊತ್ತಾಗಲಿಲ್ಲ, ಅವನು ಮಿಣಮಿಣ ಮಾಡುತ್ತಲೇ ಹೋದ.

“ಎಡಗಡೆ,” ಎಂದಳು ಹೆಲ್ಗಾ. “ಯಾವತ್ತೂ ಎಡಗಡೆ. ಈಗ ಹೊರಡಿ, ಇಲ್ಲಿ ನಿಲ್ಲುವಂತಿಲ್ಲ.”

ಉಳಿದ ಅರ್ಧ ದಾರಿಯನ್ನು ನಾನು ಹೇಗೆ ಮುಗಿಸಿದೆನೋ ದೇವರಿಗೇ ಗೊತ್ತು. ಕೊನೆಯ ಉದ್ದ ನೇರ ದಾರಿ ಬಂದಾಗ ಒಂದೇ ಯೋಚನೆ. ಕಲಿಸಲು ಹೆದರುವವಳು ಎಂದು ಬಂದೆ, ಇನ್ನು ಓಡಿಸಲೂ ಬಾರದವಳು ಎಂದು ಹೋಗುತ್ತೇನೆ.

ಬ್ರೆಡ್ಡಿನ ಬಿಡುವು

ದೀಪಾ ಓಡಿ ಬಂದಳು. ನನ್ನ ಮುಖ ನೋಡಿ ಏನೂ ಕೇಳದೆ ಫ್ಲಾಸ್ಕಿನಿಂದ ಚಹಾ ಬಗ್ಗಿಸಿದಳು. ಹೆಲ್ಗಾ ಕಾರಿನ ಮೂತಿಯ ಮೇಲೆ ಕಾಗದ ಹರಡಿ ಬ್ರೆಡ್ ತಿನ್ನಲು ಕೂತಳು.

ನಾನಾಗಿದ್ದರೆ ನನ್ನಂಥ ವಿದ್ಯಾರ್ಥಿಯನ್ನು ಆವತ್ತಿಗೆ ಮನೆಗೆ ಕಳಿಸುತ್ತಿದ್ದೆ, ಜೊತೆಗೆ ಅವರಪ್ಪನಿಗೂ ಎರಡು ಮಾತು ಹೇಳುತ್ತಿದ್ದೆ. ಹಾಗಾಗಿ ನಾನೇ ಮೊದಲು ಬಾಯಿ ತೆರೆದೆ. ಲಾರಿಯವರ ಇಂಡಿಕೇಟರಿನ ರೂಢಿ ಹೇಳಿದೆ. ಇಂಗ್ಲಿಷ್ ಸಾಲದಾದಾಗ ದೀಪಾ ಜರ್ಮನ್ನಿನಲ್ಲಿ ಕೂಡಿಸಿದಳು. ಹೆಲ್ಗಾ ಅಗಿಯುವುದನ್ನು ನಿಲ್ಲಿಸಿ ಕೇಳಿದಳು.

“ಅಂದರೆ ಮುಂದಿನವನು ಹೇಳಿದ್ದನ್ನು ನಂಬಿ ನೀವು ಎದುರಿನ ದಾರಿಗೆ ಹೋಗುತ್ತೀರಿ?”

“ಹೌದು.”

“ಅವನಿಗೆ ತಪ್ಪಿದರೆ?”

“ತಪ್ಪುವುದೂ ಉಂಟು,” ಎಂದೆ. ಆಮೇಲೆ ಘಟ್ಟದ ತಿರುವನ್ನೂ ಆ ಹುಡುಗಿಯನ್ನೂ ಅಗಸೂರನ್ನೂ ನಾಗವೇಣಿಯನ್ನೂ ಹೇಳಿಬಿಟ್ಟೆ. ಅಷ್ಟು ದೂರ ಬಂದು ಮುಚ್ಚಿಟ್ಟುಕೊಳ್ಳುವುದು ಏನಿತ್ತು? ಕೊನೆಗೆ, ಯಾವುದನ್ನು ಕೇಳಲು ಬಂದಿದ್ದೆನೋ ಆ ಪ್ರಶ್ನೆ ಕೇಳಿದೆ. “ನೀವು ಹೇಗೆ ಕೂರುತ್ತೀರಿ?”

ಹೆಲ್ಗಾ ಕಾರಿನ ಬಾಗಿಲು ತೆಗೆದು ತನ್ನ ಸೀಟು ತೋರಿಸಿದಳು. ಬ್ರೇಕಿನ ಮುಂದೆ ನೆಲಹಾಸು ಒಂದು ಕಡೆ ಸವೆದು ನೂಲು ಕಾಣುತ್ತಿತ್ತು. “ನನ್ನ ಕಾಲು ಇಲ್ಲಿ ಇರುತ್ತದೆ, ನೆಲದ ಮೇಲೆ. ಪೆಡಲಿನ ಮೇಲಿಟ್ಟರೆ ಅದು ಒತ್ತಿಯೇ ಒತ್ತುತ್ತದೆ. ನೆಲದಿಂದ ಎತ್ತಲು ಒಂದು ಗಳಿಗೆ ಬೇಕು. ಆ ಗಳಿಗೆಯಲ್ಲಿ ಕಲಿಯುವವರು ತಾವೇ ಒತ್ತುತ್ತಾರೋ ಎಂದು ನೋಡುತ್ತೇನೆ. ಬಹಳ ಜನ ಒತ್ತುತ್ತಾರೆ.”

“ಒತ್ತದಿದ್ದರೆ?”

“ಇವತ್ತು ಏನು ಮಾಡಿದೆನೋ ಅದೇ.”

“ನಿಮಗೆ ಹೆದರಿಕೆ ಇಲ್ಲವೇ?”

“ಇದೆ. ಈಗಷ್ಟೇ ಇತ್ತಲ್ಲ,” ಎಂದು ಬ್ರೆಡ್ಡಿನ ಪುಡಿ ಕೊಡವಿದಳು. “ಆದರೆ ನಿಮ್ಮ ಆ ಘಟ್ಟದಲ್ಲಿ, ಎರಡೂ ಕಡೆಯಿಂದ ಲಾರಿ ಬರುವ ದಾರಿಯಲ್ಲಿ, ನಾನು ಪಕ್ಕದಲ್ಲಿ ಕೂರಲಾರೆ. ಅದು ನನ್ನಿಂದ ಆಗುವ ಕೆಲಸವಲ್ಲ.”

ಸಮಾಧಾನ ಹೇಳಲು ಅಂದದ್ದಲ್ಲ, ಅವಳು ಅಂಥವಳೂ ಅಲ್ಲ. ಆದರೂ ಆ ಮಾತಿಗೆ ನನ್ನ ಬೆನ್ನು ನೆಟ್ಟಗಾಯಿತು. ಆ ಘಟ್ಟದಲ್ಲೇ ಪಕ್ಕದಲ್ಲಿ ಕೂತು ನಾನು ಎಷ್ಟೋ ಜನರಿಗೆ ಕಲಿಸಿದ್ದೇನೆ ಎಂಬುದು ನನಗೇ ಮರೆತುಹೋಗಿತ್ತು. ಕಣ್ಣು ಹನಿಗೂಡಿತು, ಗಾಳಿ ಜೋರಾಗಿದೆ ಎಂದು ದೀಪಾಳಿಗೆ ಹೇಳಿದೆ.

ಹೆಲ್ಗಾ ಹೆಲ್ಮೆಟ್ ಎತ್ತಿಕೊಂಡಳು. “ಬನ್ನಿ. ಇನ್ನೊಂದು ಸುತ್ತು. ಆ ಕಡೆ ಮಳೆ ಬರುವ ಮೊದಲು.”

“ನನ್ನ ಜೊತೆಗಾ?” ಎಂದೆ.

“ಮತ್ತೆ ಯಾರ ಜೊತೆಗೆ?”

ಎರಡನೇ ಸುತ್ತು

ಮಳೆ ನಮಗಿಂತ ಮೊದಲು ಬಂದಿತ್ತು. ಹೊರಡುವಾಗ ಬಿಸಿಲು, ಕೊರಕಲಿಗೆ ಇಳಿದಾಗ ರಸ್ತೆ ಒದ್ದೆ. ಈ ಸಲ ವೈಪರ್ ಬೇಕಾಗಿಯೇ ಹಾಕಿದೆ. ಅದರ ಮೊದಲು ಒಂದು ಸಲ ಇಂಡಿಕೇಟರ್ ಓಡಿತು ಎನ್ನುವುದು ಬೇರೆ ಮಾತು.

ಒದ್ದೆ ರಸ್ತೆ ನನಗೆ ಹೊಸದಲ್ಲ. ವರ್ಷದಲ್ಲಿ ನಾಲ್ಕು ತಿಂಗಳು ನಮ್ಮ ಕಡೆ ಇರುವುದು ಅದೇ. ವೇಗ ಇಳಿಸಿದೆ, ಬ್ರೇಕನ್ನು ತಿರುವಿಗೆ ಮೊದಲೇ ಮುಗಿಸಿದೆ, ತಿರುವಿನೊಳಗೆ ಕಾಲು ಹಗುರ ಮಾಡಿದೆ. ಕೊರಕಲಿನ ಆಚೆ ಹಳದಿ ದೀಪ ಮಿನುಗುತ್ತಿತ್ತು. ಒಂದು ಕಾರು ಹುಲ್ಲಿಗೆ ಇಳಿದು ಮೂತಿ ತಿರುಗಿಸಿ ನಿಂತಿತ್ತು. ಗಂಡ ಹೆಂಡತಿ ತಡೆಪಟ್ಟಿಯ ಆಚೆ ಒಂದೇ ಕೊಡೆಯಲ್ಲಿ ನಿಂತಿದ್ದರು, ಕೊಡೆಯ ಹೆಚ್ಚು ಭಾಗ ಯಾರಿಗೆ ಎಂಬುದೇ ಅವರ ಜಗಳ ಎಂಬಂತೆ ಕಂಡಿತು. ಮೆತ್ತಗೆ ದಾಟಿದೆ.

ಮುಂದೆ ಒಬ್ಬ ಬಲಗಡೆಯ ಇಂಡಿಕೇಟರ್ ಹಾಕಿದ. ನನ್ನ ಕೈ ಬಲಕ್ಕೆ ಹೋಗಲು ಹವಣಿಸಿದ್ದು ನನಗೇ ತಿಳಿಯಿತು. ಹಿಡಿದು ನಿಲ್ಲಿಸಿ, ಕನ್ನಡಿ ನೋಡಿ, ಎಡದಿಂದ ದಾಟಿದೆ. ಕಣ್ಣಂಚಿನಲ್ಲಿ ಹೆಲ್ಗಾಳ ಕಾಲು ನೋಡಿದೆ, ನೆಲಹಾಸಿನ ಮೇಲೇ ಇತ್ತು. ಅಷ್ಟು ದೊಡ್ಡ ತಪ್ಪು ಕಣ್ಣಾರೆ ಕಂಡವಳು ಗಂಟೆಯೊಳಗೆ ಮತ್ತೆ ನನ್ನ ಪಕ್ಕದಲ್ಲಿ ಹಾಗೆ ಕೂತಿದ್ದಳು. ಯಾರೋ ನನ್ನ ಮೇಲೆ ಅಷ್ಟು ಭರವಸೆ ಇಟ್ಟು ಕೂತು ಎಷ್ಟು ಕಾಲವಾಗಿತ್ತೋ. ಎಂಥ ದಾರಿಯಾದರೂ ಓಡಿಸಬಲ್ಲೆ ಎನಿಸಿತು ಆಗ.

ಇಳಿದಾಗ ಕೈಕುಲುಕಿ, “ಹಾರ್ನ್ ಇಲ್ಲದೆ ಸುತ್ತು ಮುಗಿಸಿದಿರಿ,” ಎಂದಳು. ಅದೇ ಅವಳ ಹೊಗಳಿಕೆ.

ಸಂಜೆ ಅಣ್ಣನಿಗೆ ಫೋನ್ ಮಾಡಿದೆ. “ಎದುರಿಂದ ಯಾರೂ ಬರದ ದಾರಿಲಿ ಗಾಡಿ ಹೊಡ್ದೆ ಅಂದ್ರೆ ಅದ್ರಲ್ಲಿ ಎಂತ ದೊಡ್ಡಸ್ತಿಕೆ?” ಎಂದ.

“ದೊಡ್ಡಸ್ತಿಕೆ ಇಲ್ಲ ಅಣ್ಣ,” ಎಂದೆ. “ತೋಡೂರಿಗೆ ಹೋಗಿ ನಾಗವೇಣಿಗೆ ಹೇಳು. ನಾ ಬಂದ ಮರುದಿನ ಬೆಳಿಗ್ಗೆ ಘಟ್ಟಕ್ಕೆ ಹೋಗೂದು ಅಂತ.”

“ಹೇಳ್ತೆ,” ಎಂದ.

ರಾಮನಗುಳಿಯಿಂದ ಮೇಲೆ

ಟೆಂಪೊ ಆಮೇಲೆ, ಮೊದಲು ನನ್ನ ಶಾಲೆಯ ಕಾರಿನಲ್ಲೇ ಎಂದೆ. ನಾಗವೇಣಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸ್ಟೇರಿಂಗಿಗೆ ಕೈಮುಗಿದು ಕೂತಳು. ಅಂಕೋಲೆ ದಾಟಿ ಅಗಸೂರು ಬಂತು. ಅಲ್ಲಿಯ ಚಹಾದಂಗಡಿಯವನು ನಾವು ತಿರುಗಿಸುತ್ತೇವೆ ಎಂದು ಜಾಗ ಬಿಟ್ಟು ನಿಂತ. ನಾವು ಮುಂದೆ ಹೋದದ್ದನ್ನು ಕತ್ತು ಹೊರಳಿಸಿ ನೋಡಿದ.

ಕಾಲನ್ನು ನೆಲದ ಮೇಲಿಡಬೇಕು ಎಂದು ದಾರಿಯುದ್ದಕ್ಕೂ ಜಪಿಸಿದೆ. ರಾಮನಗುಳಿಯ ತನಕ ಅದು ಕೇಳಿತು. ಘಟ್ಟ ಹತ್ತಲು ಹಿಡಿದದ್ದೇ, ಎಷ್ಟು ಹೇಳಿದರೂ ಕೇಳದೆ ಎದ್ದು ಪೆಡಲಿನ ಮೇಲೆ ತೂಗಲು ಹಿಡಿಯಿತು. ಜರ್ಮನಿಗೆ ಹೋಗಿ ಬಂದರೇನು, ಕಾಲು ನನ್ನದೇ ಅಲ್ಲವೇ. ನಾಗವೇಣಿಗೆ ಕಾಣದಿರಲಿ ಎಂದು ಸೆರಗು ಮಡಿಲ ಮೇಲೆ ಹರಡಿಕೊಂಡೆ.

“ಸೆಕೆಂಡ್ ಗೇರು,” ಎಂದೆ. ಹಾಕಿದಳು. “ತಿರುವು, ಹಾರ್ನ್ ಹೊಡಿ.” ಹೊಡೆದಳು.

ನಾಲ್ಕೈದು ತಿರುವು ಕಳೆದವು. ಆಮೇಲಿನ ತಿರುವಿನಲ್ಲಿ ಲಾರಿ ಬಂತು. ಇಳಿಜಾರಿನ ಭರಕ್ಕೆ ತಿರುವನ್ನು ಕತ್ತರಿಸಿಕೊಂಡು, ಮೂತಿಯ ಪೂರ್ತಿ ಅರ್ಧ ನಮ್ಮ ಬದಿಗೆ. ಗಾಜಿನ ಮೇಲೆ ಬರೆಸಿದ ದೇವರ ಹೆಸರು ಓದುವಷ್ಟು ಹತ್ತಿರ. ನನ್ನ ಒಳಗಿನದೆಲ್ಲ ಕಾಲಿಗೆ ಇಳಿಯಿತು. ಒತ್ತು ಎಂದಿತು. ನಾನು ನಾಗವೇಣಿಯ ಮುಖ ನೋಡಿದೆ. ಹುಬ್ಬು ಗಂಟಿಕ್ಕಿ, ತುಟಿ ಕಚ್ಚಿ, ಅವಳು ಲಾರಿಯನ್ನು ನೋಡುತ್ತಿರಲಿಲ್ಲ, ಎಡಗಡೆಯ ಮಣ್ಣಿನ ಅಂಚನ್ನು ನೋಡುತ್ತಿದ್ದಳು.

ಕಾರು ಎಡಕ್ಕೆ ಸರಿಯಿತು, ಜಗ್ಗಿತು, ನಿಂತಿತು. ಲಾರಿ ಗಾಳಿ ಬೀಸಿಕೊಂಡು ಪಕ್ಕದಲ್ಲಿ ಇಳಿದು ಹೋಯಿತು. ಕ್ಲೀನರ್ ಹುಡುಗ ಕಿಟಕಿಯಿಂದ ಕೈ ಎತ್ತಿದ, ಕ್ಷಮಿಸಿ ಎಂದನೋ ಬೈದನೋ ಗೊತ್ತಾಗಲಿಲ್ಲ.

ನಾಗವೇಣಿ ಸ್ಟೇರಿಂಗ್ ಬಿಡದೆ ನನ್ನ ಕಡೆ ತಿರುಗಿದಳು.

“ಅಕ್ಕೋರೆ, ಬ್ರೇಕ್ ನೀವು ಒತ್ತಿದ್ರಾ?”

ಬಗ್ಗಿ ನೋಡಿದೆ. ನನ್ನ ಕಾಲು ಪೆಡಲನ್ನು ಮುಟ್ಟದೆ, ಅದರ ಮೇಲೆ ಗಾಳಿಯಲ್ಲೇ ನಿಂತಿತ್ತು.

“ಇಲ್ಲ ನಾಗವೇಣಿ,” ಎಂದೆ. “ನೀನೇ ಒತ್ತಿದ್ದು.”